ಕ್ಲಿಕರೂ ತರಗತಿಯ ಮೌನವೂ

'ಅರ್ಥವಾಯಿತೇ?' ಎಂಬ ಅಧ್ಯಾಪಕರ ಪ್ರಶ್ನೆಗೆ ತರಗತಿಯು ಸಾಮಾನ್ಯವಾಗಿ ಮೌನದಿಂದಲೇ ಉತ್ತರಿಸುತ್ತದೆ. ಆ ಮೌನವು ಸಮ್ಮತಿಯೋ ಸಂಕೋಚವೋ ತಿಳಿಯುವುದು ಕಷ್ಟ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಎರಿಕ್ ಮಜೂರ್ ಅವರಿಗೆ ಈ ಸಂಗತಿಯು ಮನದಟ್ಟಾದುದು 1990ರಲ್ಲಿ. ಕಠಿನವಾದ ಲೆಕ್ಕಗಳನ್ನು ಬಿಡಿಸಬಲ್ಲ ಅವರ ವಿದ್ಯಾರ್ಥಿಗಳಲ್ಲಿ ಅನೇಕರು ಬಲ, ಚಲನೆಗಳನ್ನು ಕುರಿತ ಸರಳ ಪ್ರಶ್ನೆಗಳಲ್ಲಿ ಎಡವಿದರು. 1991ರಿಂದ ಅವರು ಬೋಧನಕ್ರಮವನ್ನೇ ಬದಲಾಯಿಸಿದರು. ಉಪನ್ಯಾಸದ ನಡುವೆ ಪ್ರಶ್ನೆಯೊಂದನ್ನು ಒಡ್ಡಿದೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಯೋಚಿಸಿ ಉತ್ತರವನ್ನು ಸೂಚಿಸಬೇಕು. ಬಹುಮಂದಿಯ ಉತ್ತರ ಸರಿಯಾದರೆ ಪಾಠವು ಮುಂದುವರಿಯುವುದು. ತೀರ ಕೆಲವರದಾದರೆ ಮರುವಿವರಣೆ. ನಡುವಣ ಸ್ಥಿತಿಯಲ್ಲಿ ನೆರೆಯವರೊಡನೆ ಚರ್ಚೆ, ಬಳಿಕ ಮತ್ತೊಮ್ಮೆ ಉತ್ತರ.

ತರುವಾಯ ಬಳಕೆಗೆ ಬಂದ ಕ್ಲಿಕರ್ ಎಂಬ ಅಂಗೈಯಗಲದ ಸಾಧನವು ಗುಂಡಿಯೊತ್ತಿದ ಉತ್ತರಗಳನ್ನು ಕ್ಷಣಮಾತ್ರದಲ್ಲಿ ಎಣಿಸಲು ನೆರವಾಗುತ್ತದೆ. ತಪ್ಪಿದವರು ಯಾರೆಂಬುದು ಸಹಪಾಠಿಗಳಿಗೆ ತಿಳಿಯದು. ಗುಂಪಿನಲ್ಲಿ ಯಾರಿಗೂ ಸರಿಯುತ್ತರ ತಿಳಿಯದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಬೆಳೆಯಬಲ್ಲುದೆಂದು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಕೊಲರಾಡೋ ವಿಶ್ವವಿದ್ಯಾನಿಲಯದ ಸಂಶೋಧನೆಯು ತೋರಿಸಿತು. ಅದಕ್ಕೆ ಮುನ್ನ, 2008ರಲ್ಲಿ, ನಥಾನಿಯಲ್ ಲಾಸ್ರಿ ಅವರು ಕೆನಡಾದ ಕಾಲೇಜೊಂದರಲ್ಲಿ ಕ್ಲಿಕರುಗಳನ್ನು ಉತ್ತರ ಬರೆದ ರಟ್ಟುಗಳೊಡನೆ ಹೋಲಿಸಿ ನೋಡಿದಾಗ, ಕಲಿಕೆಯಲ್ಲಿ ಗಣನೀಯ ವ್ಯತ್ಯಾಸವು ಕಾಣಲಿಲ್ಲ. ಆದುದರಿಂದ ಹಣವಿಲ್ಲದ ಶಾಲೆಗೂ ಈ ಕ್ರಮವು ನಿಲುಕುವಂಥದು: ಅ, ಆ, ಇ, ಈ ಎಂದು ಬರೆದ ನಾಲ್ಕು ರಟ್ಟುಗಳು ಸಾಕು. ಒಳ್ಳೆಯ ಪ್ರಶ್ನೆಯನ್ನು ರಚಿಸುವ ಹೊಣೆ ಮಾತ್ರ ಅಧ್ಯಾಪಕರದೇ.