ಹಿಂಡಿಗೆ ಸಾವಿರ ವ್ಯಾಟ್ ಬೇಕೇ?

ಕೊಪ್ಪಳದಲ್ಲಿ ಮಿಕ್ಸರ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು, "ಎಷ್ಟ್ ವ್ಯಾಟಿಂದು ಬೇಕ್ರಿ?" ಅದಕ್ಕಿಂತ ಮುಂಚೆ ಕೇಳಬೇಕಾದ ಮಾತು ಇನ್ನೊಂದಿದೆ: "ಮನ್ಯಾಗ ಹೆಚ್ಚಾಗಿ ಏನ್ ರುಬ್ಬತೀರಿ?" ತುಂಗಭದ್ರಾ ಕಾಲುವೆಯ ಗಂಗಾವತಿ ಸೀಮೆಯಲ್ಲಿ ಇಡ್ಲಿ, ದೋಸೆಗೆ ಅಕ್ಕಿ ನೆನೆಯುತ್ತದೆ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಶೇಂಗಾ, ಅಗಸಿ, ಗುರೆಳ್ಳು ಹಿಂಡಿಯದೇ ಕೆಲಸ. ಹಸಿ ರುಬ್ಬುವುದಕ್ಕೂ ಒಣ ಪುಡಿ ಮಾಡುವುದಕ್ಕೂ ಬೇಕಾದ ಗುಣಗಳೇ ಬೇರೆ.

ನಂಬಿಕೆ: ವ್ಯಾಟ್ ಹೆಚ್ಚಿದ್ದಷ್ಟೂ ಚೆನ್ನಾಗಿ ರುಬ್ಬುತ್ತದೆ.

ವಾಸ್ತವ: ವ್ಯಾಟ್ ಹೇಳುವುದು ಮೋಟಾರು ಎಳೆಯುವ ಕರೆಂಟಿನ ಲೆಕ್ಕ. ಬ್ಲೇಡಿನ ಆಕಾರ, ಜಾರಿನ ಅಳತೆ ಅದರಲ್ಲಿ ಬರುವುದಿಲ್ಲ. ದಿನದ ಚಟ್ನಿ, ಮಸಾಲೆಗೆ 500 ವ್ಯಾಟ್ ಸಾಕು. ಅಕ್ಕಿ, ಉದ್ದು ಆಗಾಗ ರುಬ್ಬುವವರಿಗೆ 750 ಒಳ್ಳೆಯದು. ಶೇಂಗಾ ಹಿಂಡಿಗಂತೂ ಹೆಚ್ಚಿನ ಶಕ್ತಿಯೇ ತೊಂದರೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿನಡಿ ಕಾಳು ಬಿಸಿಯಾಗಿ, ಎಣ್ಣೆ ಬಿಟ್ಟು, ಉಂಡೆ ಕಟ್ಟುತ್ತದೆ. ಒಳ್ಳಿನಲ್ಲಿ ಕುಟ್ಟುವಾಗ ಏಟಿಗೂ ಏಟಿಗೂ ನಡುವೆ ಬಿಡುವಿತ್ತು. ಮಿಕ್ಸರಿನಲ್ಲಿ ಆ ಬಿಡುವು ಕೊಡುವುದು ಪಲ್ಸ್ ಗುಂಡಿ. ಚಿಕ್ಕ ಜಾರು, ಅರ್ಧ ಮಾತ್ರ ಕಾಳು, ಎರಡು ಮೂರು ಸೆಕೆಂಡು ತಿರುಗಿಸಿ ನಿಲ್ಲಿಸುವುದು, ಜಾರು ತೆಗೆದು ಅಲ್ಲಾಡಿಸಿ ಮತ್ತೆ ಇಡುವುದು. ಬೆಳ್ಳುಳ್ಳಿ ಕೊನೆಗೆ.

ನಂಬಿಕೆ: ದೊಡ್ಡ ಮೋಟಾರು, ದೊಡ್ಡ ಬಿಲ್ಲು.

ವಾಸ್ತವ: 750 ವ್ಯಾಟಿನ ಮಿಕ್ಸರ್ 10 ನಿಮಿಷ ಓಡಿದರೂ ಒಂದು ಯೂನಿಟ್ಟಿನ ಎಂಟನೇ ಒಂದು ಭಾಗ.

ನಂಬಿಕೆ: ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡು ಹರಿತವಾಗುತ್ತದೆ.

ವಾಸ್ತವ: ಉಪ್ಪು ಉಕ್ಕಿಗಿಂತ ಮೆದು. ಜಾರಿನ ಜಿಡ್ಡು ಹೋದೀತು, ಅಷ್ಟೇ. ರುಬ್ಬುವುದು ಕೆಟ್ಟಿದ್ದರೆ ಬುಷ್ ಸಡಿಲಾಗಿದೆಯೇ, ಕಪ್ಲರಿನ ಹಲ್ಲು ಸವೆದಿದೆಯೇ ನೋಡಿ. ಹೊರೆ ಮಿತಿಮೀರಿದಾಗ ಮೊದಲು ಮುರಿಯುವುದು ಸಾಮಾನ್ಯವಾಗಿ ಆ ಅಗ್ಗದ ಕಪ್ಲರೇ. ಅದರಿಂದ ಮೋಟಾರು ಉಳಿಯುತ್ತದೆ.

ನಂಬಿಕೆ: ನಡುವೆ ನಿಂತರೆ ಮೋಟಾರು ಸುಟ್ಟಿತು ಎಂದರ್ಥ.

ವಾಸ್ತವ: ಹೆಚ್ಚಿನ ಮಿಕ್ಸರುಗಳ ತಳದಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ, ಬಹಳ ಸಲ ಕೆಂಪು ಬಣ್ಣದ್ದು. ಹೊರೆ ಮಿತಿಮೀರಿದಾಗ ಕರೆಂಟು ಕಡಿಯುವ ವ್ಯವಸ್ಥೆ ಅದು. ಪ್ಲಗ್ ತೆಗೆದು, ಜಾರು ಹಗುರ ಮಾಡಿ, ಆರಿದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಕುಸಿದ ಹೊತ್ತಿನಲ್ಲಿ ಅಕ್ಕಿ ರುಬ್ಬಬೇಡಿ: ಮೋಟಾರಿನ ಜೊತೆ ಅದನ್ನು ತಂಪಾಗಿಸುವ ಫ್ಯಾನೂ ನಿಧಾನವಾಗುತ್ತದೆ, ಹೊರೆ ಮಾತ್ರ ಕಡಿಮೆಯಾಗದು. ಸದ್ದು ತಗ್ಗಲೆಂದು ಕೆಳಗೆ ಬಟ್ಟೆ ಮಡಚಿ ಇಡುವವರು ಗಾಳಿಕಿಂಡಿಯನ್ನೇ ಮುಚ್ಚುತ್ತಾರೆ.

ನಂಬಿಕೆ: ಅಮೆರಿಕದ ಬ್ಲೆಂಡರ್ ಇದಕ್ಕಿಂತ ಗಟ್ಟಿ.

ವಾಸ್ತವ: ಅದು ಓಡುವುದು ಸುಮಾರು 120 ವೋಲ್ಟಿನಲ್ಲಿ. ಮಗ ತಂದುಕೊಟ್ಟನೆಂದು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಮೇಲಾಗಿ ಎತ್ತರದ ಬ್ಲೆಂಡರ್ ಜಾರಿಗೆ ನೀರು, ಹಾಲು, ಹಣ್ಣು ಬೇಕು. ಒಂದು ಹಿಡಿ ಒಣಮೆಣಸಿನಕಾಯಿ ಅದರಲ್ಲಿ ಅಂಚಿಗೆ ಹಾರಿ ಕೂರುತ್ತದೆ.

ಇನ್ನು ಜೋಳ, ಸಜ್ಜೆಯ ರೊಟ್ಟಿ ಹಿಟ್ಟಿಗೆ ಮಿಕ್ಸರ್ ಹುಡುಕುವುದೇ ಬೇಡ, ಗಿರಣಿ ಇದೆ. ಆರಿಸಿದ ಮಿಕ್ಸರಿನ ಕಪ್ಲರ್, ಬುಷ್, ಮುಚ್ಚಳದ ರಬ್ಬರು ನಿಮ್ಮೂರಿನ ರಿಪೇರಿ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ರಬ್ಬರಿನ ಒಂದು ಉಂಗುರಕ್ಕಾಗಿ ಯಲಬುರ್ಗಾದಿಂದ ಕೊಪ್ಪಳದ ಬಸ್ಸು ಹತ್ತಿದರೆ ಟಿಕೆಟ್ಟೇ ಹೆಚ್ಚಾದೀತು.