ಹೃದಯದ ದ್ವಾರಪಾಲಕರು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಾಗಿಲುಗಳಲ್ಲಿ ಸರ್ವಾಭರಣಭೂಷಿತರಾಗಿ ನಿಂತಿರುವ ದ್ವಾರಪಾಲಕರನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅವರು ಕಲ್ಲಿನವರು, ಕದಲುವುದಿಲ್ಲ. ಅವರನ್ನು ನೋಡುತ್ತ ನಿಂತವನ ಹೃದಯದಲ್ಲಿಯಾದರೋ, ಪ್ರತಿಯೊಂದು ಬಡಿತಕ್ಕೂ ಕದಲುವ ಅಸಂಖ್ಯಾತ ದ್ವಾರಪಾಲಕರಿದ್ದಾರೆ. ವಿಜ್ಞಾನಿಗಳು ಇವರನ್ನು ಕ್ಯಾಲ್ಸಿಯಂ ಚಾನೆಲ್‌ಗಳೆನ್ನುವರು, ನಾವು ಕಾಲುವೆಗಳೆನ್ನೋಣ.

ಕ್ಯಾಲ್ಸಿಯಂ ನಮಗೆ ಅಪರಿಚಿತವಲ್ಲ. ತಾಂಬೂಲದ ಸುಣ್ಣದಲ್ಲಿ ಅದಿದೆ. ಅರಸೀಕೆರೆ ಸೀಮೆಯವರು ದಿನವೂ ಉಣ್ಣುವ ರಾಗಿಯಲ್ಲಿ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮಿನಷ್ಟಿದೆ. ಎಲುಬಿಗೆ ಅದು ಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಹೃದಯಕ್ಕೂ ಬೇಕೆಂಬುದನ್ನು 1883ರಲ್ಲಿ ತೋರಿಸಿದವನು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ನಲ್ಲಿಯ ನೀರಿನಿಂದ ಮಾಡಿದ ಲವಣದ್ರಾವಣದಲ್ಲಿ ಕಪ್ಪೆಯ ಹೃದಯವು ಗಂಟೆಗಟ್ಟಲೆ ಮಿಡಿಯಿತು. ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಬೇಗನೆ ನಿಂತಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮೇ ಈ ವ್ಯತ್ಯಾಸಕ್ಕೆ ಕಾರಣ.

ಜೀವಕೋಶದ ಹೊರಗೆ, ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಕ್ಯಾಲ್ಸಿಯಂ ಅಯಾನುಗಳಿರುತ್ತವೆ. ಅವು ಒಳನುಗ್ಗದಂತೆ ತಡೆದಿರುವುದು ಸುಮಾರು 7 ನ್ಯಾನೊಮೀಟರ್ ದಪ್ಪದ ಪೊರೆ. ವಿಶ್ರಾಂತಿಯಲ್ಲಿರುವ ಹೃದಯಕೋಶದ ಒಳಭಾಗದ ವಿಭವವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್ ಕಡಮೆ. ಇದೆಷ್ಟರ ವಿದ್ಯುತ್ತು ಎನ್ನಬೇಡಿ. ಪೊರೆಯ ದಪ್ಪದಿಂದ ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟಿಗೂ ಮಿಕ್ಕ ವಿದ್ಯುತ್‌ಕ್ಷೇತ್ರ! ಒಣಗಾಳಿಯಲ್ಲಿ ಕಿಡಿ ಹಾರಲು ಮೂವತ್ತು ಲಕ್ಷ ಸಾಕು.

ಕಾಲುವೆಯೆಂಬುದು ಈ ಪೊರೆಯನ್ನು ಹಾಯ್ದು ನಿಂತ ಪ್ರೋಟೀನು. ಧನವಿದ್ಯುದಂಶವುಳ್ಳ ಅದರ ನಾಲ್ಕು ಭಾಗಗಳನ್ನು ಈ ಕ್ಷೇತ್ರವು ಒಳಮುಖವಾಗಿ ಸೆಳೆದು ಬಾಗಿಲನ್ನು ಮುಚ್ಚಿಟ್ಟಿರುತ್ತದೆ. ಬಡಿತದ ವಿದ್ಯುತ್ತರಂಗ ಬಂದೊಡನೆ ಕ್ಷೇತ್ರ ಕುಗ್ಗುತ್ತದೆ, ಆ ಭಾಗಗಳು ಹೊರಕ್ಕೆ ಸರಿಯುತ್ತವೆ, ಬಾಗಿಲು ತೆರೆಯುತ್ತದೆ. ಸೋಡಿಯಂ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಹೆಚ್ಚುಕಡಮೆ ಸಮ. ಆದರೂ ಅದಕ್ಕೆ ಬಹುಮಟ್ಟಿಗೆ ಪ್ರವೇಶವಿಲ್ಲ. ದಾರಿಯ ಇಕ್ಕಟ್ಟಿನಲ್ಲಿರುವ ಋಣವಿದ್ಯುದಂಶಗಳು, ಸೋಡಿಯಮಿನ ಇಮ್ಮಡಿ ವಿದ್ಯುದಂಶವುಳ್ಳ ಕ್ಯಾಲ್ಸಿಯಮನ್ನೇ ಬಿಗಿಯಾಗಿ ಹಿಡಿಯುತ್ತವೆ. ಹಿಂದಿನಿಂದ ಬಂದ ಇನ್ನೊಂದು ಕ್ಯಾಲ್ಸಿಯಂ ಅದನ್ನು ಮುಂದೂಡುತ್ತದೆ. ಹೀಗೆ ಒಳಬಂದ ಅಲ್ಪ ಕ್ಯಾಲ್ಸಿಯಂ, ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣವನ್ನು ತೆರೆಸುತ್ತದೆ, ಸ್ನಾಯುತಂತುಗಳು ಸಂಕುಚಿಸುತ್ತವೆ. ಅನಂತರ ಕಾಲುವೆ ಮುಚ್ಚುತ್ತದೆ, ಪೊರೆಗಳಲ್ಲಿರುವ ಬೇರೆ ಪ್ರೋಟೀನುಗಳು ಕ್ಯಾಲ್ಸಿಯಮನ್ನು ಹೊರಕ್ಕೂ ಉಗ್ರಾಣಕ್ಕೂ ಸಾಗಿಸುತ್ತವೆ, ಹೃದಯ ಸಡಿಲಗೊಳ್ಳುತ್ತದೆ.

ರಕ್ತನಾಳಗಳ ಗೋಡೆಯ ಸ್ನಾಯುಗಳಲ್ಲಿಯೂ ಇಂಥ ಬಾಗಿಲುಗಳುಂಟು. ಅವುಗಳ ಮೂಲಕ ಕ್ಯಾಲ್ಸಿಯಂ ಹೆಚ್ಚಾಗಿ ನುಗ್ಗಿದರೆ ರಕ್ತನಾಳ ಬಿಗಿದು ರಕ್ತದ ಒತ್ತಡ ಏರುತ್ತದೆ. ಎಷ್ಟೋ ಮನೆಗಳಲ್ಲಿ ಹಿರಿಯರು ನುಂಗುವ ಆಮ್ಲೊಡಿಪಿನ್ ಗುಳಿಗೆಯು ತಡೆಯುವುದು ಈ ಬಾಗಿಲುಗಳನ್ನೇ. ಇದಕ್ಕೆ ‘ಕ್ಯಾಲ್ಸಿಯಂ ತಡೆ’ಯ ಔಷಧವೆಂಬ ಹೆಸರಿರುವುದರಿಂದ, ರಾಗಿಯನ್ನೂ ಹಾಲನ್ನೂ ಬಿಡಬೇಕೆಂದು ಭಾವಿಸುವುದು ಸರಿಯಲ್ಲ. ಗುಳಿಗೆ ತಡೆಯುವುದು ಬಾಗಿಲನ್ನು, ಆಹಾರವನ್ನಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂಬುದನ್ನು ದೇಹವೇ ನಿಯಂತ್ರಿಸಿಕೊಳ್ಳುತ್ತದೆ. ಆಹಾರದಲ್ಲಿ ಕೊರತೆಯಾದರೆ ಎಲುಬನ್ನು ಕರಗಿಸಿಯಾದರೂ ಅದನ್ನು ಪೂರೈಸುತ್ತದೆ. ಹೃದಯದ ಬಾಗಿಲಿಗೆ ಅಷ್ಟೊಂದು ಬೆಲೆ!