ಗಗನಚುಂಬಿಗಳ ಬೆನ್ನಿಗಿರುವ ಸಮತೂಕ

ಪಟ್ಟದಕಲ್ಲಿನಲ್ಲಿ ನಾಗರ ಮತ್ತು ದ್ರಾವಿಡ ಶೈಲಿಯ ಶಿಖರಗಳು ಅಕ್ಕಪಕ್ಕದಲ್ಲೇ ನಿಂತಿವೆ. ಚಾಲುಕ್ಯರ ಶಿಲ್ಪಿಗಳು ಕಲ್ಲಿನ ಮೇಲೆ ಕಲ್ಲಿಟ್ಟು ಏರಿಸಿದ ಎತ್ತರವದು. ಮೇಲಿನ ಭಾರವನ್ನೆಲ್ಲ ಕೆಳಗಿನ ಗೋಡೆಯೇ ಹೊರಬೇಕು. ಎತ್ತರ ಹೆಚ್ಚಿದಷ್ಟೂ ಬುಡ ದಪ್ಪವಾಗಬೇಕು. 1891ರಲ್ಲಿ ಷಿಕಾಗೊದಲ್ಲಿ ಎದ್ದ 16 ಅಂತಸ್ತಿನ ಮೊನಾಡ್‌ನಾಕ್ ಕಟ್ಟಡವೂ ಈ ನಿಯಮ ಮೀರಲಿಲ್ಲ. ಅದರ ಇಟ್ಟಿಗೆ ಗೋಡೆ ನೆಲಮಟ್ಟದಲ್ಲಿ ಸುಮಾರು ಆರಡಿ ದಪ್ಪ. ಆದರೆ ಅದೇ ಊರಿನಲ್ಲಿ 1885ರಲ್ಲೇ ವಾಸ್ತುಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನ್ನಿ, ಹೋಮ್ ಇನ್ಶೂರೆನ್ಸ್ ಕಟ್ಟಡದ ಭಾರವನ್ನು ಬಹುಮಟ್ಟಿಗೆ ಲೋಹದ ಕಂಬ, ತೊಲೆಗಳಿಗೆ ಹೊರಿಸಿದ್ದರು. ಈ ದಾರಿಯಲ್ಲಿ ಮುಂದೆ ಗೋಡೆ ಬರೀ ಹೊದಿಕೆಯಾಯಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಇಂದು ದೂರದ ಊರುಗಳ ಕಟ್ಟಡ ಸೇರುವುದೂ ಹೆಚ್ಚಾಗಿ ಹೀಗೆ ಹೊದಿಕೆಯಾಗಿಯೇ.

ಉಕ್ಕು ಕಟ್ಟಡವನ್ನು ನಿಲ್ಲಿಸಬಲ್ಲದು. ಮನುಷ್ಯರನ್ನು ಮೇಲಕ್ಕೆ ಒಯ್ಯಲಾರದು. ಮೆಟ್ಟಿಲನ್ನೇ ನಂಬಿದ್ದ ಕಾಲದಲ್ಲಿ ಐದಾರು ಅಂತಸ್ತೇ ಮಿತಿ. ಆ ಮಿತಿ ಮುರಿದದ್ದು ಲಿಫ್ಟ್.

ಲಿಫ್ಟ್ ಕೆಲಸ ಮಾಡುವುದು ತಕ್ಕಡಿಯಂತೆ. ಮೇಲಿನ ಗಾಲಿಯ ತೋಡಿನಲ್ಲಿ ಹಾದ ಉಕ್ಕಿನ ಹಗ್ಗಗಳ ಒಂದು ತುದಿಗೆ ನಾವು ನಿಲ್ಲುವ ಪೆಟ್ಟಿಗೆ, ಇನ್ನೊಂದು ತುದಿಗೆ ಪ್ರತಿತೂಕ. ಖಾಲಿ ಪೆಟ್ಟಿಗೆಯ ತೂಕಕ್ಕೆ ಪೂರ್ಣ ಹೊರೆಯ ಅರ್ಧದಷ್ಟನ್ನು ಸೇರಿಸಿದರೆ ಹೆಚ್ಚುಕಡಿಮೆ ಪ್ರತಿತೂಕದ ಲೆಕ್ಕ ಸಿಗುತ್ತದೆ. ಹಾಗಾಗಿ ಮೋಟರು ಇಡೀ ಭಾರ ಎತ್ತಬೇಕಿಲ್ಲ; ಎರಡೂ ಬದಿಯ ವ್ಯತ್ಯಾಸವನ್ನಷ್ಟೇ ಎತ್ತಿದರೆ ಸಾಕು. ಹಗ್ಗ ಗಾಲಿಗೆ ಸುತ್ತಿಕೊಳ್ಳುವುದಿಲ್ಲ, ಘರ್ಷಣೆಯ ಬಲದಿಂದಲೇ ಸಾಗುತ್ತದೆ.

ಹಗ್ಗ ಹರಿದರೆ? ಈ ಭಯಕ್ಕೆ ಅಮೆರಿಕದ ಯಂತ್ರಜ್ಞ ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಜನರೆದುರೇ ಉತ್ತರ ಕೊಟ್ಟರು. ತಾವು ನಿಂತಿದ್ದ ಅಟ್ಟಣಿಗೆಯ ಹಗ್ಗವನ್ನು ಕಡಿಸಿದರು. ಹಗ್ಗದ ಬಿಗಿ ತಪ್ಪಿದ್ದೇ ತಡ, ಅದುಮಿಕೊಂಡಿದ್ದ ಸ್ಪ್ರಿಂಗ್ ಚಾಚಿ ಪಕ್ಕದ ಹಳಿಯ ಹಲ್ಲುಗಳಿಗೆ ಸಿಕ್ಕಿಕೊಂಡಿತು. ಅಟ್ಟಣಿಗೆ ಅಲ್ಲೇ ನಿಂತಿತು. ಇಂದಿನ ಲಿಫ್ಟುಗಳಲ್ಲಿ ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಭಾಗ ಅದನ್ನು ಗುರುತಿಸುತ್ತದೆ, ಪೆಟ್ಟಿಗೆಯ ಇಕ್ಕಳಗಳು ಹಳಿಯನ್ನು ಕಚ್ಚಿ ಹಿಡಿಯುತ್ತವೆ.

ಲಿಫ್ಟಿಗೂ ಮಿತಿಯುಂಟು. ಸುಮಾರು 500 ಮೀಟರ್ ದಾಟಿದರೆ ಉಕ್ಕಿನ ಹಗ್ಗಕ್ಕೆ ತನ್ನ ತೂಕವೇ ಹೊರೆ. ಲಿಫ್ಟುಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ಬಾವಿಗಳು ಅಂತಸ್ತಿನ ಜಾಗವನ್ನೇ ತಿನ್ನುತ್ತವೆ. ಹಾಗಾಗಿ ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ಖಾನ್ ದುಡಿದ ಷಿಕಾಗೊದ 344 ಮೀಟರಿನ, 2018ರವರೆಗೆ ಜಾನ್ ಹ್ಯಾನ್‌ಕಾಕ್ ಸೆಂಟರ್ ಎನಿಸಿದ್ದ ಕಟ್ಟಡದಲ್ಲಿ, ಮೇಲಿನ ಮನೆಗಳವರು 44ನೇ ಅಂತಸ್ತಿನಲ್ಲಿ ಇಳಿದು ಬೇರೆ ಲಿಫ್ಟ್ ಹತ್ತುತ್ತಾರೆ. ನ್ಯೂಯಾರ್ಕಿನ ಹೊಸ ಸ್ಟೈನ್‌ವೇ ಟವರ್ 435 ಮೀಟರ್ ಎತ್ತರ, ಅಗಲ ಬರೀ 18 ಮೀಟರಿನಷ್ಟು! ಅಷ್ಟು ಕಿರಿದಾದಲ್ಲಿ ಲಿಫ್ಟಿನ ಬಾವಿ ತಿನ್ನುವ ಪ್ರತಿ ಅಡಿಯೂ ದುಬಾರಿ. ಅಮೆರಿಕದಲ್ಲಿ ಯಾವ ನಗರದ ಗಗನರೇಖೆ ಅತ್ಯಾಧುನಿಕ ಎಂದು ಅಳೆಯುವಾಗ ಗಾಜಿನ ಹೊಳಪಿಗಿಂತ ಒಳಗಿನ ಈ ಜಾಣ್ಮೆಯನ್ನು ನೋಡಬೇಕು.

1963ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿರುವ, ಬಾಗಲಕೋಟೆಯ ನಮ್ಮ ವಿದ್ಯಾಗಿರಿಗೂ ಇದು ಸಲ್ಲುವ ಮಾತು. ಮನೆ ಕೊಳ್ಳುವವರು ಟೈಲ್ಸ್ ನೋಡುವಷ್ಟೇ ಆಸ್ಥೆಯಿಂದ ಲಿಫ್ಟಿನ ಪರವಾನಗಿಯನ್ನೂ ಕೇಳಬೇಕು. ರಾಜ್ಯದಲ್ಲಿ ಇದಕ್ಕೆಂದೇ 2012ರ ಕಾಯ್ದೆಯಿದೆ. ಕರೆಂಟ್ ಹೋದಾಗ ಹತ್ತಿರದ ಅಂತಸ್ತಿಗೆ ತಂದು ಬಾಗಿಲು ತೆರೆಯುವ ವ್ಯವಸ್ಥೆ ಇದೆಯೇ, ನಿರ್ವಹಣೆ ಯಾರದು ಎಂದೂ ಕೇಳಬೇಕು. ಮಂಡಿನೋವಿನ ಅಜ್ಜಿಯೂ ಅಂಜದೆ ಹತ್ತಿಳಿಯುವಂತಿದ್ದರೆ ಮಾತ್ರ ಆ ಎತ್ತರಕ್ಕೆ ಬೆಲೆ.